15 ಸೆಕೆಂಡುಗಳ ಅಸಹನೆ: ಯುವ ಲೇಖಕಿಗೊಂದು ಪತ್ರ

ಪ್ರಿಯ ಗೆಳತಿ,

ನಿಮ್ಮ ಕಥೆಯ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಯಂತ್ರಗಳ ಹಿಡಿತಕ್ಕೆ ಸಿಕ್ಕ ನಗರವೊಂದರ ಕಲ್ಪನೆಯಲ್ಲಿ ಕಸುವಿದೆ. ಆದರೆ ಆ ನಗರದಲ್ಲಿ ಎಲ್ಲರೂ ದುಃಖದಲ್ಲಿದ್ದಾರೆ, ಎಲ್ಲರಿಗೂ ತಾವು ಸೆರೆಯಲ್ಲಿರುವುದು ಗೊತ್ತಿದೆ. ಅದನ್ನು ನನಗೆ ನಂಬಲಾಗಲಿಲ್ಲ.

ಆಲ್ಡಸ್ ಹಕ್ಸ್‌ಲಿ 1932ರಲ್ಲಿ ಪ್ರಕಟಿಸಿದ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯನ್ನು ದಯವಿಟ್ಟು ಮತ್ತೊಮ್ಮೆ ಓದಿ. ಅಲ್ಲಿ ಮನಸ್ಸನ್ನು ನಿರಾಳಗೊಳಿಸುವ ‘ಸೋಮ’ ಎಂಬ ಗುಳಿಗೆಯನ್ನು (ಹೆಸರು ನಮ್ಮ ವೇದಗಳ ಸೋಮದ್ದೇ) ಯಾರ ಬಾಯಿಗೂ ತುರುಕಬೇಕಾಗಿಲ್ಲ. ದುಡಿದು ದಣಿದವರು ತಾವಾಗಿಯೇ ಅದಕ್ಕಾಗಿ ಕಾದು ನಿಲ್ಲುತ್ತಾರೆ, ಮತ್ತು ಒಬ್ಬ ಯುವಕ ಅವರ ಬಿಡುಗಡೆಗೆಂದೇ ಆ ಗುಳಿಗೆಗಳನ್ನು ಕಿಟಕಿಯಿಂದಾಚೆ ಎಸೆದಾಗ ಅವನ ಮೇಲೆಯೇ ಮುಗಿಬೀಳುತ್ತಾರೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ನಡುಗಿಸಿದ್ದು ಈ ದೃಶ್ಯ. ಜನರನ್ನು ದಬ್ಬಾಳಿಕೆಯಿಂದ ಆಳುವ ಪ್ರಭುತ್ವವನ್ನು ಚಿತ್ರಿಸಿದ ಜಾರ್ಜ್ ಆರ್ವೆಲ್ ಅವರ ಕಾದಂಬರಿ ‘1984’ ಹೊರಬಂದ 1949ರಲ್ಲಿಯೇ ಹಕ್ಸ್‌ಲಿ ಆರ್ವೆಲ್‌ಗೆ ಪತ್ರ ಬರೆದು, ಆಳುವವರಿಗೆ ಬೂಟುಗಾಲಿಗಿಂತ ಸುಲಭದ ದಾರಿಗಳು ಸಿಗಲಿವೆ ಎಂಬ ತಮ್ಮ ನಂಬಿಕೆಯನ್ನು ತಿಳಿಸಿದ್ದರು.

ಅದಕ್ಕೂ ಹಿಂದೆ, 1909ರಲ್ಲಿ, ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ ‘ದಿ ಮಷೀನ್ ಸ್ಟಾಪ್ಸ್’ ಎಂಬ ಕಥೆ ಬರೆದರು. ನೆಲದಡಿಯ ಕೋಣೆಯಲ್ಲಿ ಒಬ್ಬಳೇ ವಾಸಿಸುವ ತಾಯಿ ದುಂಡನೆಯ ತಟ್ಟೆಯೊಂದನ್ನು ಕೈಯಲ್ಲಿ ಹಿಡಿದು ಕೂತಿದ್ದಾಳೆ. ಅದು ಬೆಳಗಿ, ಭೂಮಿಯ ಇನ್ನೊಂದು ಬದಿಯಲ್ಲಿರುವ ಮಗನ ಮುಖ ಮೂಡಬೇಕು. 15 ಸೆಕೆಂಡು ತಡವಾಗುತ್ತದೆ, ಅಷ್ಟಕ್ಕೇ ಅವಳು ಸಿಡಿಮಿಡಿಗೊಳ್ಳುತ್ತಾಳೆ. ಮಗನಿಗೋ ಅವಳನ್ನು ಯಂತ್ರದ ಮಧ್ಯಸ್ಥಿಕೆಯಿಲ್ಲದೆ ಕಣ್ಣಾರೆ ಕಾಣುವ ಆಸೆ. ದೂರದರ್ಶನವೂ ಬರುವ ಮುನ್ನ ಒಬ್ಬ ಲೇಖಕ ಊಹಿಸಿದ್ದು ಬರೀ ಉಪಕರಣವನ್ನಲ್ಲ, ಅದನ್ನು ಹಿಡಿದ ಕೈಯ ಚಡಪಡಿಕೆಯನ್ನು ಕೂಡ. ನೀವು ಕಲಿಯಬೇಕಾದ ಕಸುಬು ಅಲ್ಲಿದೆ.

ಆದರೂ ಹಕ್ಸ್‌ಲಿ ಹೇಳಿದ್ದೆಲ್ಲ ನಿಜವಾಯಿತು ಎಂಬ ಮಾತನ್ನು ನಾನು ಒಪ್ಪಲಾರೆ. ಅವರ ಲೋಕದಲ್ಲಿ ಸುಖವನ್ನು ಹಂಚುವುದು ಪ್ರಭುತ್ವ, ಮತ್ತು ಆ ಸುಖ ಕೆಲಸ ಮಾಡುತ್ತದೆ: ಗುಳಿಗೆ ನುಂಗಿದವನು ನಿರಾಳನಾಗುತ್ತಾನೆ. ಇಂದು ನಮ್ಮ ಗಮನವನ್ನು ಜಾಹೀರಾತಿಗೆ ಮಾರುವ ಕಂಪನಿಗಳಿಗೆ ನಾವು ನಿರಾಳರಾಗುವುದು ಬೇಕಿಲ್ಲ. ತಣಿದವನು ಫೋನನ್ನು ಕೆಳಗಿಟ್ಟುಬಿಡುತ್ತಾನೆ. ಯಾವಾಗ ಸಿಗುತ್ತದೆಂದು ಗೊತ್ತಾಗದ ಬಹುಮಾನಕ್ಕಾಗಿ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿದ್ದರು. ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ನನ್ನ ಹೆಬ್ಬೆರಳು ಫೋನಿನ ಪರದೆಯನ್ನು ಕೆಳಕ್ಕೆಳೆದು ಬಿಟ್ಟಿತು, ಹೊಸದೇನೂ ಇರಲಿಲ್ಲ, ಮತ್ತೆ ಎಳೆಯಿತು. ಹಿಂದೆ ಪುಟ ಮುಗಿಯುತ್ತಿತ್ತು, ಮುಗಿದಲ್ಲಿ ಕೈ ಒಂದು ಗಳಿಗೆ ನಿಂತು ಸಾಕೋ ಬೇಕೋ ಎಂದು ಯೋಚಿಸುತ್ತಿತ್ತು. ಕೊನೆಯಿಲ್ಲದೆ ಉರುಳುವ ಪುಟ ಆ ಗಳಿಗೆಯನ್ನು ತೆಗೆದುಹಾಕಿತು. ಸುಖವೂ ಅಲ್ಲದ, ಬಿಡಲೂ ಆಗದ ಈ ಸ್ಥಿತಿಯನ್ನು ಹಿರಿಯರು ಬರೆದಿಲ್ಲ, ಅದು ನಿಮ್ಮ ಪಾಲಿಗೆ ಉಳಿದಿದೆ.

ಆದ್ದರಿಂದ ನಾಯಕಿ ಪರದೆಯನ್ನು ಒಡೆದುಹಾಕುವ ದೃಶ್ಯವನ್ನು ಸದ್ಯಕ್ಕೆ ಬದಿಗಿಡಿ. ಅವಳು ನಿದ್ದೆಗಣ್ಣಿನಲ್ಲಿ ಅದಕ್ಕಾಗಿ ದಿಂಬಿನಡಿ ತಡಕಾಡುವ ಬೆಳಗನ್ನು, ಅವಳ ಮೇಲೆ ತೀರ್ಪು ಕೊಡದೆ, ಆ ಬೆರಳುಗಳಿಗೆ ನಿಜವಾಗಿಯೂ ಏನು ಬೇಕಾಗಿತ್ತೆಂದು ಹುಡುಕುತ್ತ ಬರೆಯಿರಿ. ಬರೆದ ಮೇಲೆ ಕಳುಹಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಹಿತೈಷಿ