ಬಿಲ್ ಇಲ್ಲದ ಮಾಲಿನ ಬಗ್ಗೆ ಸದಸ್ಯರ ಗಮನಕ್ಕೆ

ಅಸ್ಸಲಾಮು ಅಲೈಕುಮ್. ‘ದುಬೈ ಮಾಲು, ಬಿಲ್ ಕೇಳಬೇಡಿ, ಶಿವಾಜಿನಗರದಲ್ಲಿ ಡೆಲಿವರಿ’ ಎಂಬ ಒಕ್ಕಣೆಯೊಂದಿಗೆ ನಿನ್ನೆ ರಾತ್ರಿ ನಮ್ಮ ಈ ಗುಂಪಿನಲ್ಲಿ ಹಾಕಿದ್ದ ಫೋನು ಮತ್ತು ಇ-ಸಿಗರೇಟುಗಳ ಚಿತ್ರಗಳನ್ನು ಅಳಿಸಲಾಗಿದೆ. ಇ-ಸಿಗರೇಟಿನ ಮಾರಾಟವಷ್ಟೇ ಅಲ್ಲ, ಜಾಹೀರಾತು ಕೂಡ 2019ರ ಕಾಯ್ದೆಯಡಿ ಅಪರಾಧ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ.

ಫೋನು ಸ್ವತಃ ಹಲಾಲ್, ಅಂದರೆ ಧರ್ಮಸಮ್ಮತ, ವಸ್ತುವಾದ್ದರಿಂದ ಅದರ ವ್ಯಾಪಾರವೂ ಹಲಾಲ್ ಎಂದು ಸದಸ್ಯರೊಬ್ಬರು ವಾದಿಸಿದರು. ಇಂತಹ ಮಾರಾಟದ ಕರಾರು ಸಿಂಧುವೆಂದು ಹೇಳುವ ವಿದ್ವಾಂಸರೂ ಇರಬಹುದು, ಆದರೆ ಕರಾರು ಸಿಂಧುವಾದ ಮಾತ್ರಕ್ಕೆ ಮಾರಿದವನ ಪಾಪ ತೊಲಗುವುದಿಲ್ಲ. ಸುಂಕ ತಪ್ಪಿಸಿ ತಂದ ಮಾಲನ್ನು 1962ರ ಕಸ್ಟಮ್ಸ್ ಕಾಯ್ದೆಯಂತೆ ಜಪ್ತಿ ಮಾಡಬಹುದಾದ್ದರಿಂದ, ನಾಳೆ ತನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ವಸ್ತುವಿಗೆ ಕೊಳ್ಳುವವನು ಹಣ ಕೊಟ್ಟಿರುತ್ತಾನೆ. ಪ್ರವಾದಿಯವರು(ಸ) ವ್ಯಾಪಾರದಲ್ಲಿ ನಿಷೇಧಿಸಿದ ಘರರ್, ಅಂದರೆ ಅನಿಶ್ಚಿತತೆ, ನನ್ನ ತಿಳಿವಳಿಕೆಯಂತೆ ಇಲ್ಲಿಯೂ ಇದೆ. ಮಾಲು ಇನ್ನೂ ಏಜೆಂಟನ ಬಳಿಯಿರುವಾಗಲೇ ಬರೀ ಚಿತ್ರ ತೋರಿಸಿ ಮುಂಗಡ ಪಡೆಯುವುದಂತೂ ‘ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ’ ಎಂಬ ಹದೀಸ್‌ಗೆ, ಅಂದರೆ ಪ್ರವಾದಿವಚನಕ್ಕೆ, ನೇರ ವಿರುದ್ಧ.

ಇನ್ನು ಮುಂದೆ ಜಿಎಸ್‌ಟಿ ಬಿಲ್ಲಿನ ಚಿತ್ರವಿಲ್ಲದ ಯಾವ ಹೊಸ ಫೋನಿನ ಜಾಹೀರಾತನ್ನೂ ಇಲ್ಲಿ ಹಾಕುವಂತಿಲ್ಲ. ನಿನ್ನೆ ಮುಂಗಡ ಪಡೆದವರು ಈ ಶುಕ್ರವಾರದ ಜುಮಾ ನಮಾಜಿಗೆ ಮೊದಲು ಪೂರ್ತಿ ಹಣವನ್ನು ಹಿಂತಿರುಗಿಸಿ, ನನಗೆ ತಿಳಿಸಬೇಕು.