ಮೆಂಟರ್ ಪುಸ್ತಕ ಕೈಗೆ ಬಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನನ್ನು ಮೆಂಟರಿಂಗ್ ಸಂಚಾಲಕ ಮಾಡಿ ಆದೇಶ ಬಂತಂತೆ, ಅಂದರೆ ಒಬ್ಬೊಬ್ಬ ಅಧ್ಯಾಪಕರಿಗೆ ಒಂದಿಷ್ಟು ಮಕ್ಕಳನ್ನು ಒಪ್ಪಿಸಿ ಸಲಹೆ ಕೊಡಿಸೋ ಕೆಲಸ. ಕೋಣೆ ಇಲ್ಲ, ಸಿಬ್ಬಂದಿ ಇಲ್ಲ, ಯಾರ ಮೇಲೂ ಅಧಿಕಾರವಿಲ್ಲ. ತಪ್ಪಾದರೆ ಕೇಳೋದಕ್ಕೆ ಮಾತ್ರ ಎಲ್ಲರೂ ಇದ್ದಾರೆ. ಮಲೆನಾಡಿನ ಸಣ್ಣ ಕಾಲೇಜುಗಳಲ್ಲಿ ಈ ಹುದ್ದೆ ಇರೋದೇ ಹೀಗೆ ಮಾರಾಯ. ಸಹೋದ್ಯೋಗಿಗಳಿಗೆ ಆಜ್ಞೆ ಮಾಡಿ ಕೆಲಸ ತೆಗೆಯೋಕೆ ಆಗಲ್ಲ. ಅವರು ಬೇಡ ಅನ್ನೋದಕ್ಕಿಂತ ಮಾಡೋದೇ ಸುಲಭ ಅನ್ನಿಸೋ ಹಾಗೆ ವ್ಯವಸ್ಥೆ ಕಟ್ಟಬೇಕು. ನಿನ್ನ ಮುಂದಾಳತ್ವ ಅಷ್ಟೂ ವೇಳಾಪಟ್ಟಿ, ಪಟ್ಟಿ, ಒಂದು ಹಾಳೆಯ ಮಾಹಿತಿ ಇವುಗಳಲ್ಲೇ ಕಾಣೋದು.

ಮೊದಲು ಪ್ರಾಂಶುಪಾಲರಿಂದ ಒಂದು ಪೀರಿಯಡ್ ಬರಹದಲ್ಲಿ ಪಡೆದುಕೊ. ವಾರಕ್ಕೆ ಒಂದು, ಅದೂ ಊಟಕ್ಕೆ ಮುಂಚಿನದು. ಕೊನೆಯ ಪೀರಿಯಡ್ ಆದ ಮೇಲೆ ಅಂತ ಒಪ್ಪಿಕೊಂಡೆಯೋ, ಕೆಲಸ ಕೆಟ್ಟಿತು. ಹೊಸನಗರ, ತೀರ್ಥಹಳ್ಳಿ ಕಡೆ ಒಳಹಳ್ಳಿಗೆ ಹೋಗೋ ಬಸ್ ತಪ್ಪಿದರೆ ಮುಂದಿನದು ಎಷ್ಟೊತ್ತಿಗೋ, ಕೆಲವು ಊರಿಗೆ ಇಲ್ಲವೇ ಇಲ್ಲ. ನೀನು ಮುಂದಿನ ಗುರಿಯ ಬಗ್ಗೆ ಕೇಳ್ತಾ ಇರ್ತೀಯ, ಹುಡುಗಿ ಕಿಟಕಿಯಾಚೆ ಬಸ್ ಹಾರ್ನ್ ಕೇಳ್ತಾ ಇರ್ತಾಳೆ.

ಲೆಕ್ಕ ಹೀಗೆ. 300 ಮಕ್ಕಳು, 12 ಅಧ್ಯಾಪಕರು ಅಂದುಕೊ. ಒಬ್ಬರಿಗೆ 25. ಒಬ್ಬೊಬ್ಬರ ಜೊತೆ 10 ನಿಮಿಷ ಕೂತರೆ 250 ನಿಮಿಷ, ಅಂದರೆ ಐದು ಪೀರಿಯಡ್. 16 ವಾರದ ಸೆಮಿಸ್ಟರ್‌ನಲ್ಲಿ ಎರಡು ಸುತ್ತಿಗೆ ಹತ್ತು ಪೀರಿಯಡ್ ಹೋಗುತ್ತೆ, ಉಳಿದ ಆರು ಗುಂಪಿನ ಭೇಟಿಗೆ. ಈ ಲೆಕ್ಕವನ್ನು ಮೊದಲ ಸಭೆಯಲ್ಲೇ ಬೋರ್ಡ್ ಮೇಲೆ ಬರೆದು ತೋರಿಸು. "ಮೆಂಟರಿಂಗ್‌ಗೆ ಎಲ್ಲಿ ಟೈಮು" ಅನ್ನೋ ಮಾತು ಅರ್ಧ ಅಲ್ಲೇ ನಿಲ್ಲುತ್ತೆ.

ಈ 25ನ್ನು ಹೇಗೆ ಆರಿಸಬೇಕು? ಎಲ್ಲ ಕಡೆ ರೋಲ್ ನಂಬರ್ ಪ್ರಕಾರ ಕತ್ತರಿಸ್ತಾರೆ. ನಾನು ಹೇಳೋದು, ಬಸ್ ರೂಟಿನ ಮೇಲೆ ಹಂಚು. ಒಂದೇ ಬಸ್ಸಲ್ಲಿ ಬರೋ ಮಕ್ಕಳಿಗೆ ಯಾರು ಮೂರು ದಿನದಿಂದ ಹತ್ತಿಲ್ಲ, ಯಾಕೆ ಹತ್ತಿಲ್ಲ ಅನ್ನೋದು ಗೊತ್ತಿರುತ್ತೆ. ಹಳ್ಳ ತುಂಬಿದ್ದರೆ ಆ ಸಾಲಿನ ಎಂಟು ಮಕ್ಕಳೂ ಒಟ್ಟಿಗೆ ಗೈರು. ಮೆಂಟರ್‌ಗೆ ಅದು ಒಂದು ಫೋನಿನಲ್ಲಿ ತಿಳಿಯುತ್ತೆ. ಇದರ ತೊಂದರೆಯೂ ಇದೆ: ಗುಂಪಿನಲ್ಲಿ ಆಡಿದ ಮಾತು ಸಂಜೆಯೊಳಗೆ ಊರು ಮುಟ್ಟುತ್ತೆ. ಹಾಗಾಗಿ ಮನೆಯ ವಿಷಯ, ದುಡ್ಡಿನ ವಿಷಯ, ಮದುವೆಯ ವಿಷಯ ಗುಂಪಿನಲ್ಲಿ ಎತ್ತಲೇಬಾರದು.

ಅತಿಥಿ ಉಪನ್ಯಾಸಕರ ಮಾತು ಬೇರೆ. ವರ್ಷ ವರ್ಷ ಅವರ ನೇಮಕ ಹೊಸದು. ಸೆಮಿಸ್ಟರ್ ಶುರುವಾದ ಮೇಲೆ ಬರೋರೂ ಇದ್ದಾರೆ. ಅವರೊಬ್ಬರಿಗೇ 25 ಮಕ್ಕಳನ್ನು ಒಪ್ಪಿಸಿದರೆ ಮುಂದಿನ ಜೂನ್‌ನಲ್ಲಿ ಆ ಮಕ್ಕಳು ಅನಾಥರು. ಪ್ರತಿ ಗುಂಪಿಗೂ ಎರಡು ಹೆಸರು ಇಡು, ಒಂದು ಕಾಯಂ, ಒಂದು ಅತಿಥಿ. ಅತಿಥಿಯವರು ಕೂರೋ ಪೀರಿಯಡ್ ಅವರ ಕಾರ್ಯಭಾರದಲ್ಲಿ ಸೇರಿರಲಿ. ಸಂಬಳದ ಲೆಕ್ಕಕ್ಕೆ ಬಾರದ ಕೆಲಸಕ್ಕೆ ಪ್ರೀತಿಯಿಂದ ಮಾಡಿ ಅನ್ನೋದು ನ್ಯಾಯ ಅಲ್ಲ.

ಈಗ ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಸಣ್ಣ ಕಾಲೇಜಿನಲ್ಲಿ ಸಲಹೆ ಕೆಡೋದು ದಾಖಲಾತಿ ಮೇಜಿನ ಹತ್ತಿರ. ಒಂದು ವಿಷಯಕ್ಕೆ ಮಕ್ಕಳು ಸೇರದಿದ್ದರೆ ಆ ವಿಭಾಗದ ವರ್ಕ್‌ಲೋಡ್ ಹೋಗುತ್ತೆ, ವರ್ಕ್‌ಲೋಡ್ ಹೋದರೆ ಅಧ್ಯಾಪಕರಿಗೆ ವರ್ಗಾವಣೆ ಅಥವಾ ಅತಿಥಿಯವರ ಅನ್ನಕ್ಕೇ ಕಲ್ಲು. ಹಾಗಾಗಿ ಮೇಜಿನ ಹಿಂದೆ ಕೂತವರು ತಮ್ಮ ವಿಷಯವನ್ನೇ "ತಗೊ, ಸುಲಭ ಇದೆ" ಅಂತ ಕೊಡಿಸ್ತಾರೆ. ಕೆಟ್ಟ ಜನ ಅಂತಲ್ಲ, ಭಯ. ಆದರೆ ಆ ಮಗುವಿನ ದಾರಿ ಮೂರು ವರ್ಷದ ನಂತರ ಮುಚ್ಚುತ್ತೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ.ಗೆ ಅರ್ಜಿ ಹಾಕೋ ಹೊತ್ತಿಗೆ ಪದವಿಯಲ್ಲಿ ಆ ವಿಷಯ ಓದಿಲ್ಲ ಅನ್ನೋದು ಹೊಳೆಯುತ್ತೆ. ಹೈಸ್ಕೂಲ್ ಮೇಷ್ಟ್ರಾಗಬೇಕು ಅಂದವರಿಗೂ ಅಷ್ಟೆ. ಬಿ.ಎಡ್.ಗೆ ಸಾಮಾನ್ಯ ವರ್ಗದವರಿಗೆ ಶೇ. 50 ಅಂಕ ಇದ್ದರೆ ಸಾಕು ಅಂತ ಎಲ್ಲರೂ ಹೇಳ್ತಾರೆ, ನೇಮಕಾತಿಯಲ್ಲಿ ಪದವಿಯಲ್ಲಿ ಓದಿದ ವಿಷಯಗಳ ಜೋಡಣೆಯನ್ನೂ ನೋಡ್ತಾರೆ ಅಂತ ಹೇಳೋರು ಕಡಿಮೆ.

ಇದಕ್ಕೆ ಮದ್ದು ಉಪದೇಶ ಅಲ್ಲ, ಮೇಜಿನ ವ್ಯವಸ್ಥೆ. ದಾಖಲಾತಿ ಮೇಜಿಗೆ ಬೇರೆ ಬೇರೆ ವಿಭಾಗದ ಇಬ್ಬರು ಕೂರಲಿ, ಒಬ್ಬರೇ ಎಂದಿಗೂ ಬೇಡ. ಮೇಜಿನ ಮೇಲೆ ಒಂದು ಹಾಳೆ ಇರಲಿ: ಎಡಕ್ಕೆ ನಿಮ್ಮಲ್ಲಿರೋ ವಿಷಯಗಳ ಜೋಡಣೆ, ಬಲಕ್ಕೆ ಅದನ್ನು ಓದಿದವರು ಮುಂದೆ ಏನೇನು ಓದಬಹುದು, ಯಾವುದಕ್ಕೆ ಬಾಗಿಲು ಮುಚ್ಚುತ್ತೆ. ಆ ಎರಡನೆಯದನ್ನು ಬರೆಯೋಕೆ ಗಲಾಟೆ ಆಗುತ್ತೆ, ಬರೆಸು. ದಾಖಲಾದ ಎರಡು ವಾರದೊಳಗೆ, ವಿಷಯ ಬದಲಿಸೋಕೆ ಅವಕಾಶ ಇರುವಾಗಲೇ, ಮೆಂಟರ್ ಒಮ್ಮೆ "ಇದನ್ನು ಯಾರು ಆರಿಸಿದ್ದು, ನೀನೋ ಅವರೋ?" ಅಂತ ಕೇಳಿಬಿಡಲಿ.

ಅಮೆರಿಕದ ಟೆರಿ ಓ'ಬಾನಿಯನ್ 1972ರಲ್ಲಿ, ಅಲ್ಲಿನ ಎರಡು ವರ್ಷದ ಕಾಲೇಜುಗಳನ್ನು ಮನಸ್ಸಲ್ಲಿಟ್ಟುಕೊಂಡು, ಸಲಹೆಯನ್ನು ಐದು ಮೆಟ್ಟಿಲು ಮಾಡಿ ಹೇಳಿದ. ಬದುಕಿನ ಗುರಿ, ವೃತ್ತಿಯ ಗುರಿ, ಕೋರ್ಸಿನ ಆಯ್ಕೆ, ವಿಷಯಗಳ ಆಯ್ಕೆ, ಕೊನೆಗೆ ತರಗತಿಗಳ ವೇಳೆ ಹೊಂದಿಸೋದು. ನಮ್ಮಲ್ಲಿ ಇದು ತಲೆಕೆಳಗು. ಫಾರಂ ಕೊನೆಯ ದಿನ ಹತ್ತಿರ ಬಂತು ಅಂತ ಐದನೆಯದರಿಂದ ಶುರುಮಾಡ್ತೀವಿ, ಮೊದಲನೆಯದು ಬರೋದೇ ಇಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಅದನ್ನು ನೇರ ಮಾಡೋಕೆ ಆಗಲ್ಲ ಬಿಡು. ಆದರೆ ಮೂರನೇ ಸೆಮಿಸ್ಟರ್‌ನ ಮೊದಲ ಸುತ್ತನ್ನು ಪೂರ್ತಿ ಮೊದಲ ಎರಡು ಮೆಟ್ಟಿಲಿಗೇ ಮೀಸಲಿಡು. ಆ ಹೊತ್ತಿಗೆ ಮಗು ಕಾಲೇಜು ನೋಡಿರುತ್ತೆ, ತೋಟವೋ ಪೇಟೆಯೋ ಅಂತ ಮನೆಯಲ್ಲೂ ಮಾತು ಶುರುವಾಗಿರುತ್ತೆ.

ಬ್ಯಾಚಿಗೊಂದು ನಿಯಮ ಅನ್ನೋದನ್ನೂ ಮರೀಬೇಡ. 2021-22ರಿಂದ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯವರು, ಅಂದರೆ ಎನ್‌ಇಪಿ, 2024-25ರಿಂದ ಮತ್ತೆ ಹಳೆಯ ಹಾಗೆ ಮೂರು ವರ್ಷದ ಪದವಿ. ಬ್ಯಾಕ್‌ಲಾಗ್ ಉಳಿಸಿಕೊಂಡ ಎನ್‌ಇಪಿ ಮಕ್ಕಳು ಇನ್ನೂ ಬರ್ತಾರೆ. ಬ್ಯಾಚಿಗೆ ಒಂದು ಹಾಳೆ ಬೇರೆ ಬೇರೆ ಬಣ್ಣದಲ್ಲಿ ಮಾಡಿಟ್ಟರೆ ತಪ್ಪು ಉತ್ತರ ಕೊಡೋದು ತಪ್ಪುತ್ತೆ.

ಹಾಜರಿ ವಿಷಯಕ್ಕೆ ಬರೋಣ. ಶೇ. 75 ಅಂತ ಹೇಳಿದರೆ ಯಾರ ತಲೆಗೂ ಹೋಗಲ್ಲ, ತರಗತಿ ಎಣಿಸಿ ಹೇಳಬೇಕು. ವಾರಕ್ಕೆ 4 ತರಗತಿ, 16 ವಾರಕ್ಕೆ 64. ಬೇಕಾದ್ದು 48, ತಪ್ಪಿಸಿಕೊಳ್ಳಬಹುದಾದ್ದು 16. ಐದನೇ ವಾರದ ಕೊನೆಗೆ ಒಬ್ಬ 20ರಲ್ಲಿ 12ಕ್ಕೆ ಬಂದಿದ್ದಾನೆ ಅಂದುಕೊ. ಉಳಿದ 44ರಲ್ಲಿ 36ಕ್ಕೆ ಬರಲೇಬೇಕು, ಇನ್ನು 8 ಮಾತ್ರ ಕೈಯಲ್ಲಿದೆ. ಇದನ್ನು ಐದನೇ ವಾರದಲ್ಲಿ ಹೇಳಿದರೆ ಅವನು ಸರಿಮಾಡಿಕೊಳ್ತಾನೆ. ಹದಿನಾಲ್ಕನೇ ವಾರದಲ್ಲಿ ನೋಟಿಸ್ ಬೋರ್ಡಿಗೆ ಹೆಸರು ಹಾಕಿದರೆ ಅಪ್ಪನನ್ನು ಕರೆಸಿ ಬೈಯೋದೊಂದೇ ಉಳಿಯೋದು. ಹಾಗಾಗಿ ಹಾಜರಿ ಪಟ್ಟಿ ಐದನೇ ವಾರ ಮತ್ತು ಒಂಬತ್ತನೇ ವಾರ ಮೆಂಟರ್ ಕೈಗೆ ಬರೋ ಹಾಗೆ ತಾರೀಖು ಈಗಲೇ ಗೊತ್ತುಮಾಡು.

ನಮ್ಮ ಕಡೆ ಗೈರಿಗೆ ಹಂಗಾಮು ಇದೆ. ಜುಲೈ ಮಳೆಯಲ್ಲಿ ಜಿಲ್ಲಾಧಿಕಾರಿ ರಜೆ ಕೊಡ್ತಾರೆ, ಕೆಲವೊಮ್ಮೆ ತಾಲ್ಲೂಕುವಾರು. ಮಗುವಿನ ಮನೆ ಇರೋ ತಾಲ್ಲೂಕಿಗೆ ರಜೆ, ಕಾಲೇಜಿರೋ ತಾಲ್ಲೂಕಿಗೆ ಇಲ್ಲ ಅಂದರೆ ಗೈರು ಬೀಳುತ್ತೆ. ಅದನ್ನು ಅವತ್ತೇ ಬರೆದಿಡಿ, ತಿಂಗಳಾದ ಮೇಲೆ ಯಾರಿಗೂ ನೆನಪಿರಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಇನ್ನೊಂದು ತರ. ರಾತ್ರಿ ಹನ್ನೊಂದರ ತನಕ ಸುಲಿದು, ಬೆಳಗ್ಗೆ ಮೊದಲ ಪೀರಿಯಡ್‌ಗೆ ಬಾರದವರು ಇದ್ದಾರೆ. ತೋಟದ ಮನೆಯವರಿಗಿಂತ ಸುಲಿಯೋಕೆ ಕೂಲಿಗೆ ಹೋಗೋ ಮನೆಯ ಮಕ್ಕಳಿಗೆ ಇದು ಹೆಚ್ಚು, ಆ ದುಡ್ಡಲ್ಲೇ ಪರೀಕ್ಷೆ ಶುಲ್ಕ ಕಟ್ಟೋರೂ ಉಂಟು. ಅವರಿಗೆ ಬುದ್ಧಿ ಹೇಳೋ ಬದಲು ಆಂತರಿಕ ಪರೀಕ್ಷೆಯನ್ನು ಮೊದಲ ಪೀರಿಯಡ್‌ಗೆ ಇಡಬೇಡಿ ಅಂತ ವಿಭಾಗಗಳಿಗೆ ಹೇಳು. ಅದು ನಿನ್ನ ಕೈಯಲ್ಲಿರೋ ಕೆಲಸ.

ಕಚೇರಿಯಲ್ಲಿ ಸ್ಕಾಲರ್‌ಶಿಪ್ ನೋಡೋ ಎಸ್‌ಡಿಎ ಇದ್ದಾರಲ್ಲ, ಕಾಲೇಜಿನ ನಿಜವಾದ ಸಲಹೆಗಾರರು ಅವರೇ. ಮೆಂಟರ್ ಸಭೆಗೆ ಅವರನ್ನು ಕರೆದು ಕೂರಿಸು, ಹಿಂದಿನ ಬೆಂಚಿನಲ್ಲಲ್ಲ. ಯಾವ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದು ಅವರಿಗೆ ಬಾಯಿಪಾಠ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ದಾಖಲಾತಿ, ಪರೀಕ್ಷೆಯ ಜಾಲತಾಣ ಯುಯುಸಿಎಂಎಸ್‌ನಲ್ಲಿ ಸೈಬರ್ ಅಂಗಡಿಯವನ ಮೊಬೈಲ್ ನಂಬರ್ ಕೊಟ್ಟು ಒಟಿಪಿ ಅವನಿಗೆ ಹೋಗ್ತಾ ಇದೆ. ಮೊದಲ ಗುಂಪು ಭೇಟಿಯಲ್ಲಿ ಈ ಮೂರನ್ನು ಮಾತ್ರ ನೋಡಿ. ಮಕ್ಕಳು ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ತರಲಿ, ಪಕ್ಕಪಕ್ಕ ಇಟ್ಟು ಹೆಸರು ಅಕ್ಷರಕ್ಕಕ್ಷರ ಓದಿ. ನಲವತ್ತು ನಿಮಿಷದ ಕೆಲಸ.

ಭೇಟಿಗಳನ್ನು ಬರೆದಿಡೋ ಮೆಂಟರ್ ಪುಸ್ತಕದ ಬಗ್ಗೆ ಎಚ್ಚರ. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್‌ನ ಪರಿಶೀಲನೆ ಹೊತ್ತಿಗೆ ಮೆಂಟರ್ ಪುಸ್ತಕ ಮೇಜಿನ ಮೇಲೆ ಬರುತ್ತೆ, ಹತ್ತು ಜನ ತಿರುವುತ್ತಾರೆ. ಮಗುವಿಗೊಂದು ಪುಟ, ನಾಲ್ಕೇ ಅಂಕಣ: ದಿನಾಂಕ, ಮಾತಾಡಿದ ವಿಷಯ, ಯಾರು ಏನು ಮಾಡಬೇಕು, ಯಾವತ್ತಿನೊಳಗೆ. "ಅಪ್ಪ ಕುಡೀತಾರೆ" ಅಂತ ಬರೆದ ಪುಟಗಳಿಗೆ ಕಡಿಮೆಯಿಲ್ಲ, ಆ ಕೈಬರಹ ಮಗುವಿನ ಮಾನ ಕಳೆಯುತ್ತೆ. "ಖಾಸಗಿ ಮಾತು, ಮತ್ತೆ ಭೇಟಿ ಇಂಥ ದಿನ" ಅಂದರೆ ಸಾಕು. ನಾಲ್ಕನೇ ಅಂಕಣ ಖಾಲಿ ಇದ್ದರೆ ಮಾತ್ರ ನೀನು ಮೆಂಟರನ್ನು ಕೇಳು. ಮೆಂಟರ್ ಮನೋವೈದ್ಯ ಅಲ್ಲ ಅನ್ನೋದನ್ನೂ ಮೊದಲೇ ಹೇಳಿಬಿಡು. ಬದುಕೋದೇ ಬೇಡ ಅನ್ನೋ ಮಾತು ಬಂದರೆ ಒಬ್ಬರೇ ಇಟ್ಟುಕೊಂಡು ಕೂರಬಾರದು, ಮಗುವನ್ನು ಒಂಟಿಯಾಗಿ ಬಸ್ ಹತ್ತಿಸಲೂ ಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಪುಸ್ತಕದ ರಟ್ಟಿನ ಒಳಗೇ ಬರೆಸಿಡು. ಲೈಂಗಿಕ ಕಿರುಕುಳದ ದೂರಾದರೆ ಮೆಂಟರ್ ರಾಜಿ ಮಾಡಿಸೋದಲ್ಲ, ಅದು ಆಂತರಿಕ ದೂರು ಸಮಿತಿಗೆ ಹೋಗಬೇಕು.

ವಾಟ್ಸಾಪ್ ಗುಂಪಿನಲ್ಲಿ "ಇನ್ನೂ ಪುಸ್ತಕ ತುಂಬದವರು" ಅಂತ ಹೆಸರು ಹಾಕೋ ಚಟಕ್ಕೆ ಬೀಳಬೇಡ. ಅವತ್ತೇ ಎಲ್ಲ ಪುಸ್ತಕವೂ ಒಂದೇ ಪೆನ್ನಿನಲ್ಲಿ, ಒಂದೇ ಸಂಜೆಗೆ ತುಂಬಿಬಿಡುತ್ತೆ. ತಿಂಗಳಿಗೊಂದು ಇಪ್ಪತ್ತು ನಿಮಿಷದ ಸಭೆ ಮಾಡು. ಯಾರ ಮಗು ಕಾಣ್ತಾ ಇಲ್ಲ, ಯಾವ ಪ್ರಶ್ನೆಗೆ ಉತ್ತರ ಗೊತ್ತಾಗಲಿಲ್ಲ, ಕಚೇರಿಯಿಂದ ಏನು ಬೇಕು, ಇಷ್ಟೇ ಮಾತು. ಎರಡನೇ ಪ್ರಶ್ನೆಗೆ ಬಂದದ್ದಕ್ಕೆ ಮುಂದಿನ ಸೋಮವಾರದೊಳಗೆ ನೀನು ಉತ್ತರ ತಂದುಕೊಡು. ನಾಲ್ಕು ಸಲ ತಂದುಕೊಟ್ಟರೆ ಐದನೇ ಸಲ ಅವರೇ ನಿನ್ನನ್ನು ಹುಡುಕಿಕೊಂಡು ಬರ್ತಾರೆ. ವರ್ಷದ ಕೊನೆಗೆ ಭೇಟಿಗಳ ಸಂಖ್ಯೆ ಎಣಿಸಬೇಡ. ಪರೀಕ್ಷೆ ಶುಲ್ಕ ಕಟ್ಟೋದು ತಪ್ಪಿದವರು ಎಷ್ಟು, ವಾಪಸ್ ಬಂದ ಸ್ಕಾಲರ್‌ಶಿಪ್ ಅರ್ಜಿ ಎಷ್ಟು, ಮೊದಲ ಸೆಮಿಸ್ಟರ್ ಆದ ಮೇಲೆ ಎರಡನೆಯದಕ್ಕೆ ಬಾರದೇ ಹೋದವರು ಎಷ್ಟು, ಅದನ್ನು ಎಣಿಸು.

ಬಸ್ ರೂಟಿನ ಪಟ್ಟಿ ದಾಖಲಾತಿ ಫಾರಂನಿಂದ ಸಿಗಲ್ಲ, ಅಲ್ಲಿ ಊರು, ಅಂಚೆ ಅಷ್ಟೇ ಇರುತ್ತೆ. ತರಗತಿಯಲ್ಲಿ ಒಂದು ಹಾಳೆ ಕಳಿಸಿ, ಹತ್ತೋ ಸ್ಟಾಪು, ಬಸ್ಸಿನ ಹೆಸರು, ಹೊರಡೋ ಹೊತ್ತು ಬರೆಸಿಕೊ. ಅದು ಕೈಗೆ ಬಂದ ಮೇಲೆ ಫೋನ್ ಮಾಡು, ಗುಂಪು ಹಂಚೋದನ್ನು ಒಟ್ಟಿಗೆ ಕೂತು ಮಾಡೋಣ.

ಇಂತಿ,
ನಿನ್ನ ಗೆಳೆಯ