ವಸ್ತುಸಂಗ್ರಹಾಲಯದಲ್ಲಿ ವಾರಕ್ಕೊಂದು ನಿಧಾನದ ಗಂಟೆ ಇರಲಿ

ಸಂಪಾದಕರಿಗೆ,

ಮಾನ್ಯರೆ,

ಪ್ರತಿ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನದ ಜಾಥಾ ಹೊರಡುತ್ತದೆ, ಸಭಾಭವನದಲ್ಲಿ ಭಾಷಣಗಳಾಗುತ್ತವೆ, ಮರುದಿನ ಬ್ಯಾನರ್ ಮಡಚಿ ಇಡಲಾಗುತ್ತದೆ. ಉಳಿದ ದಿನಗಳಲ್ಲಿ ಮನಸ್ಸು ಕುಗ್ಗಿದ ವ್ಯಕ್ತಿಯೊಬ್ಬ ಮನೆಯಿಂದ ಹೊರಬಿದ್ದು, ಯಾರ ಪ್ರಶ್ನೆಗೂ ಗುರಿಯಾಗದೆ ಒಂದಿಷ್ಟು ಹೊತ್ತು ಇರಬಹುದಾದ ಜಾಗ ನಮ್ಮ ವಿಜಯಪುರದಲ್ಲಿ ಯಾವುದು? ನನಗೆ ತಿಳಿದಿರುವ ಒಂದು ಜಾಗವೆಂದರೆ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯ.

1892ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಕನ್ನಡ, ಸಂಸ್ಕೃತ, ಅರಬ್ಬಿ, ಫಾರಸಿ ಶಾಸನಗಳಿವೆ. ಜೈನ ಮತ್ತು ವೈದಿಕ ಪರಂಪರೆಯ ಶಿಲ್ಪಗಳು, ಹಸ್ತಪ್ರತಿಗಳು, ಕಿರುಗಾತ್ರದ ವರ್ಣಚಿತ್ರಗಳು, ಹಳೆಯ ರತ್ನಗಂಬಳಿಗಳು ಇವೆ. ಗುಮ್ಮಟಕ್ಕೆ ಬಂದವರಲ್ಲಿ ಹೆಚ್ಚಿನವರು ಪಿಸುಮಾತಿನ ಗ್ಯಾಲರಿಗೆ ಹತ್ತಿ ಕೂಗು ಹಾಕಿ, ತಮ್ಮದೇ ಮರುಧ್ವನಿ ಕೇಳಿ ಇಳಿದು ಹೋಗುತ್ತಾರೆ. ಪಿಸುಮಾತಿಗೆಂದು ಹೆಸರಾದ ಜಾಗದಲ್ಲಿ ಎಲ್ಲರೂ ಕಿರುಚುತ್ತಾರೆ. ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಕಟ್ಟಡ ಮಾತ್ರ ಈಗ ಸದ್ದಿಲ್ಲದೆ ನಿಂತಿದೆ. ಆ ಸದ್ದಿಲ್ಲದಿರುವಿಕೆಯನ್ನೇ ಊರಿನ ಉಪಯೋಗಕ್ಕೆ ತರಬೇಕೆಂಬುದು ಈ ಪತ್ರದ ಕೋರಿಕೆ.

ನನ್ನ ಅಣ್ಣ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅತ್ತಿಗೆ ತೀರಿಕೊಂಡ ಮೇಲೆ ಅವರು ಮಾತು ಬಿಟ್ಟರು, ಊಟ ತಗ್ಗಿಸಿದರು, ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಖಿನ್ನತೆಯೆಂದು ಗುರುತಿಸಿದ ಮನೋವೈದ್ಯರು ಮಾತ್ರೆ ಬರೆದುಕೊಟ್ಟು, ದಿನಾ ಒಂದು ತಾಸಾದರೂ ಹೊರಗೆ ಕರೆದೊಯ್ಯಿರಿ ಎಂದರು. ಮಾತ್ರೆ ನುಂಗಿಸುವುದು ಸುಲಭವಾಯಿತು, ಹೊರಗೆ ಕರೆದೊಯ್ಯುವುದು ಆಗಲಿಲ್ಲ. ಉದ್ಯಾನಕ್ಕೆ ಹೋದರೆ ಪರಿಚಯದವರು 'ಯಾಕ್ರೀ ಸಾಹೇಬ್ರ, ಇಷ್ಟ ಸೊರಗೀರಲ್ಲ' ಎನ್ನುತ್ತಿದ್ದರು. ಗುಡಿಗೆ ಹೋದರೂ ಅದೇ ಮಾತು. ಒಂದು ಮಧ್ಯಾಹ್ನ ಬಿಸಿಲಿಗೆ ಅಂಜಿ ನಗಾರಖಾನೆಯ ಒಳಗೆ ಹೊಕ್ಕೆವು. ಮೊದಲ ಸಲ ಕಾಲು ಗಂಟೆಯೂ ನಿಲ್ಲಲಿಲ್ಲ. ನಾಲ್ಕನೆಯದೋ ಐದನೆಯದೋ ಭೇಟಿಯಲ್ಲಿ, ನಾನು ಶಾಸನದ ಕಲ್ಲೊಂದರ ಮುಂದೆ ನಿಂತು 'ಇದು ಶ್ರೀ ಐತೇನೋ' ಎಂದು ನನ್ನಷ್ಟಕ್ಕೆ ಅಂದುಕೊಂಡಾಗ, ಬಾಜೂಕ ನಿಂತಿದ್ದ ಅಣ್ಣ, 'ಅಲ್ಲೋ ತಮ್ಮಾ, ಸ್ವಸ್ತಿ ಇರಬೇಕದು, ಸರಿಯಾಗಿ ನೋಡು' ಎಂದರು. ತಿಂಗಳುಗಳ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು ಅದು.

ಅಣ್ಣನನ್ನು ಕಲ್ಲು ಗುಣಪಡಿಸಿತೆಂದು ನಾನು ಹೇಳುತ್ತಿಲ್ಲ. ಅವರು ಚೇತರಿಸಿಕೊಂಡದ್ದು ಔಷಧದಿಂದ, ವೈದ್ಯರ ತಾಳ್ಮೆಯಿಂದ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ ನನಗೆ ಅಂದು ಒಂದು ವಿಷಯ ಹೊಳೆಯಿತು. ಮನೆಯಲ್ಲಿ ನಾವು ಅವರ ಎದುರಿಗೆ ಕುಳಿತು ಮುಖ ನೋಡುತ್ತ 'ಏನಾಗೈತಿ ಹೇಳು' ಎಂದು ಒತ್ತಾಯಿಸುತ್ತಿದ್ದೆವು. ಇಲ್ಲಿ ಇಬ್ಬರೂ ಪಕ್ಕದಲ್ಲಿ ನಿಂತು ಮೂರನೆಯದೊಂದನ್ನು ನೋಡುತ್ತಿದ್ದೆವು. ತನ್ನ ಬಗ್ಗೆ ಮಾತಾಡಲಾರದವನು ಎದುರಿನ ಶಿಲ್ಪದ ಬಗ್ಗೆ, ಅದರ ಮುರಿದ ಕೈಯ ಬಗ್ಗೆ ಮಾತಾಡಬಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. 'ಹುಚ್ಚರ ದವಾಖಾನೆಗೆ ಹೋಗಿದ್ದರಂತ' ಎಂಬ ಗುಸುಗುಸುವಿಗೆ ಹೆದರಿ ಮನೋವೈದ್ಯರ ಹೊಸ್ತಿಲು ತುಳಿಯದ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಮ್ಯೂಸಿಯಂಗೆ ಹೋಗಿದ್ದೆವು ಎಂದು ಹೇಳಲು ಯಾರೂ ನಾಚಬೇಕಿಲ್ಲ.

ಇದು ನನ್ನೊಬ್ಬನ ಕಲ್ಪನೆಯಲ್ಲ. ಕೆನಡಾದ ಮಾಂಟ್ರಿಯಲ್ ಲಲಿತಕಲಾ ಸಂಗ್ರಹಾಲಯ ಅಲ್ಲಿನ ಫ್ರೆಂಚ್ ಭಾಷಿಕ ವೈದ್ಯರ ಸಂಘದೊಡನೆ ಸೇರಿ 2018ರಲ್ಲಿ ಒಂದು ಪ್ರಯೋಗ ಆರಂಭಿಸಿತು. ಅದರಂತೆ ವೈದ್ಯರು ಚೀಟಿ ಬರೆದುಕೊಟ್ಟರೆ ರೋಗಿಯೂ ಜೊತೆಗಿರುವವರೂ ಉಚಿತವಾಗಿ ಸಂಗ್ರಹಾಲಯ ನೋಡಬಹುದು. ಕೊರೊನಾ ಕಾಲದಲ್ಲಿ, 2021ರಲ್ಲಿ, ಬೆಲ್ಜಿಯಂನ ಬ್ರಸೆಲ್ಸ್ ನಗರದ ಆಸ್ಪತ್ರೆಯೊಂದು ಇದೇ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ 50 ದಾಟಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹತ್ತು ವರ್ಷ ಗಮನಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಗ್ರಹಾಲಯ, ನಾಟಕ, ಸಿನಿಮಾಗಳಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ ಖಿನ್ನತೆಯ ಸಾಧ್ಯತೆ ಶೇ 48ರಷ್ಟು ಕಡಿಮೆ ಕಂಡುಬಂತು. ಆರೋಗ್ಯ ಚೆನ್ನಾಗಿದ್ದವರೇ ಇಂಥಲ್ಲಿಗೆ ಹೋಗುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಶೋಧಕರು ಆದಾಯ, ಆರೋಗ್ಯ ಮೊದಲಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಇಂಥ ಅಧ್ಯಯನ ಒಂದು ಸಂಬಂಧವನ್ನಷ್ಟೇ ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಖರ್ಚು ಇಲ್ಲದ, ಹಾನಿ ಮಾಡದ ಪ್ರಯೋಗಕ್ಕೆ ಇಷ್ಟು ಆಧಾರ ಸಾಲದೆ?

ನಮ್ಮಲ್ಲಿನ ಅಗತ್ಯವೇನೂ ಸಣ್ಣದಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳು, ಊರಲ್ಲೇ ಉಳಿದ ಮುದುಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ಹುಡುಗ ಹುಡುಗಿಯರು, ಇವರನ್ನು ನೆನೆದರೆ ನಮ್ಮ ಜಿಲ್ಲೆಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಎಂಬುದನ್ನು ಮರೆಯದಿದ್ದರೆ, ಹೊಸದೊಂದನ್ನು ವಿಜಯಪುರದಿಂದ ಶುರು ಮಾಡಲು ಯಾರ ಅಪ್ಪಣೆಗೂ ಕಾಯಬೇಕೆನಿಸುವುದಿಲ್ಲ.

ಅಪ್ಪಣೆ ಬೇಕಾಗುವುದು ಒಂದು ವಿಷಯಕ್ಕೆ ಮಾತ್ರ. ಸಂಗ್ರಹಾಲಯ ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು, ಮಾನಸಿಕ ಆರೋಗ್ಯ ತಂಡ ರಾಜ್ಯದ ಆರೋಗ್ಯ ಇಲಾಖೆಯದು. ಎರಡನ್ನೂ ಒಂದೇ ಮೇಜಿಗೆ ಕರೆಯುವ ಕೆಲಸ ಜಿಲ್ಲಾಧಿಕಾರಿಗಳಿಂದ ಆಗಬೇಕು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇರುತ್ತದೆ, ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹಾಗಾಗಿ ಚೀಟಿ ಪಡೆದವರು ಮರುದಿನವೇ ಬರಲಾಗುವಂತೆ ಬುಧವಾರ ಬೆಳಗಿನ ಮೊದಲ ಗಂಟೆಯನ್ನು ನಿಧಾನವಾಗಿ ನೋಡುವವರಿಗೆಂದು ಮೀಸಲಿಡಬಹುದು. ವೈದ್ಯರ ಚೀಟಿ ತಂದವರಿಗೂ ಅವರ ಜೊತೆಗಾರರಿಗೂ ಟಿಕೆಟ್ ಇರಬಾರದು. ಶಾಲಾ ಮಕ್ಕಳ ಪ್ರವಾಸದ ಸಾಲು ಆ ಹೊತ್ತಿಗೆ ಬರಬಾರದು. ವಿವರಣೆ ಕೊಡುವವರು ಇಸವಿಗಳನ್ನು ಒಪ್ಪಿಸುವ ಬದಲು ಒಂದೇ ವಸ್ತುವಿನ ಮುಂದೆ ಹದಿನೈದು ನಿಮಿಷ ಕೂರಿಸಿ, 'ಏನು ಕಾಣಿಸುತ್ತಿದೆ' ಎಂದಷ್ಟೇ ಕೇಳಬೇಕು. ಬಂದವರ ಹೆಸರು ಬರೆದುಕೊಳ್ಳುವ ರಿಜಿಸ್ಟರ್ ಮಾತ್ರ ಬೇಡವೇ ಬೇಡ. ಬಾಗಿಲ ಬಳಿ ಟೆಲಿ ಮನಸ್ ಸಹಾಯವಾಣಿ 14416ರ ಫಲಕವೊಂದಿದ್ದರೆ, ಮುಂದಿನ ನೆರವು ಬೇಕಾದವರಿಗೆ ದಾರಿ ತಿಳಿಯುತ್ತದೆ.

ಅಪರೂಪದ ವಸ್ತುಗಳಿರುವ ಜಾಗಕ್ಕೆ ಇಂಥವರನ್ನು ಬಿಡಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಸ್ಮಾರಕಗಳ ಗೋಡೆಯ ಮೇಲೆ ಹೃದಯದ ಗುರುತು ಕೆತ್ತಿ ತಮ್ಮ ಹೆಸರು ಬರೆಯುವವರು ಯಾವ ಆಸ್ಪತ್ರೆಯ ಚೀಟಿಯನ್ನೂ ಹಿಡಿದು ಬಂದವರಲ್ಲ ಎಂದಷ್ಟೇ ಉತ್ತರಿಸಿದೆ.

ಸಂಗ್ರಹಾಲಯದವರೆಗೆ ಬರಲಾಗದವರಿಗೆ ಸಂಗ್ರಹಾಲಯವೇ ಹೋಗಬಹುದು. ಆದಿಲ್‌ಶಾಹಿ ದರ್ಬಾರಿನ ಕಲಾವಿದರು ಬರೆದ ಚಿತ್ರಗಳು ಲಂಡನ್, ನ್ಯೂಯಾರ್ಕ್‌ಗಳ ಸಂಗ್ರಹಗಳಲ್ಲಿವೆ. ಅವು ಹುಟ್ಟಿದ ಊರಿನವರು ಅವುಗಳ ದೊಡ್ಡ ಮುದ್ರಣವನ್ನಾದರೂ ನೋಡಬೇಡವೆ? ಆಸ್ಪತ್ರೆಯಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವವರ ಎದುರಿನ ಗೋಡೆ ಅವಕ್ಕೆ ತಕ್ಕ ಜಾಗ.

ನಗರದಲ್ಲಿ ನನ್ನಂಥ ನಿವೃತ್ತ ಚಿತ್ರಕಲಾ ಶಿಕ್ಷಕರು ಇನ್ನೂ ಕೆಲವರಿದ್ದೇವೆ. ಮನೋವೈದ್ಯರು ಒಂದೆರಡು ದಿನ ತರಬೇತಿ ಕೊಟ್ಟರೆ ಪ್ರತಿ ಬುಧವಾರ ಸರದಿಯಂತೆ ಬರಲು ನಾವು ಸಿದ್ಧ, ಸಂಭಾವನೆ ಬೇಡ. ಕೂರಲು ಮಡಚುವ ಕುರ್ಚಿಗಳು ಬೇಕಾಗುತ್ತವೆ. ನಾಲ್ಕು ನಮ್ಮ ಮನೆಯಲ್ಲಿವೆ, ಅಣ್ಣನೂ ನಾನೂ ಹೊತ್ತು ತರುತ್ತೇವೆ.

ಇಂತಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ
ವಿಜಯಪುರ